ಜೇನು ಸೋಸಿದ ಬಟ್ಟೆ

ಮನೆಗೊಂದರಂತೆ ಅಕ್ಕಿಯ ಗಂಟು ಕಟ್ಟಿ ಸಂಜೆ ಇರುವೆಗೂಡಿನ ಬಾಯಲ್ಲಿಡುವುದು, ಬೆಳಗಾಗುವಷ್ಟರಲ್ಲಿ ಯಾರ ಗಂಟಿಗೆ ಇರುವೆ ಮುತ್ತಿರುವುದೋ ಆ ಮನೆಯವರೇ ಮಾಟ ಮಾಡಿದವರೆಂದು ನಿರ್ಣಯಿಸುವುದು, ಆ ಬೆಟ್ಟದ ಹಟ್ಟಿಯಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಅಂದು ಮುತ್ತಿದ್ದು ಜೇನಕ್ಕನ ಗಂಟಿಗೆ. ಉಳಿದ ಹದಿನೈದನ್ನು ಒಂದು ಇರುವೆಯೂ ಮೂಸಿರಲಿಲ್ಲ.

ಬಂಡೆಯಿಂದ ಹಗ್ಗದಲ್ಲಿಳಿದು ಜೇನು ಕೀಳುವುದು ಅವಳ ಕಸುಬು. ಗಂಡ ತೀರಿಹೋದ ಮೇಲೆ ಹಗ್ಗವನ್ನು ತಾನೇ ಹಿಡಿದಿದ್ದಳು. ಮಾಟ ತಗುಲಿದೆಯೆಂದು ಹಟ್ಟಿ ನಂಬಿದ್ದು, ಹತ್ತು ದಿನಗಳಿಂದ ಜ್ವರದಲ್ಲಿ ಬೇಯುತ್ತಿದ್ದ ಅವಳ ಮೈದುನನ ಮಗುವಿಗೆ.

"ಸಂಜೆಯೊಳಗೆ ಇವಳು ಹಟ್ಟಿ ಬಿಡ್ಬೇಕು," ಎಂದನು ಗಂಟುಗಳನ್ನು ಇಡಿಸಿದ್ದ ಮಂತ್ರವಾದಿ.

"ಹೋಗ್ಬಿಡು ಅತ್ತಿಗೆ," ಮೈದುನ ನೆಲ ನೋಡುತ್ತಾ ಹೇಳಿದನು. "ಮಗು ಉಳಿದ್ರೆ ಸಾಕು ನಂಗೆ."

ಜೇನಕ್ಕ ಗಂಟನ್ನೆತ್ತಿ ಇರುವೆಗಳನ್ನು ಕೊಡವಿ ಮೂಗಿಗೆ ಹಿಡಿದಳು. ಮೂರು ನೀರಿನಲ್ಲಿ ಒಗೆದಿದ್ದರೂ ಕಮಟು ಸಿಹಿ ಹೋಗಿರಲಿಲ್ಲ.

"ಜೇನು ಸೋಸೋ ಬಟ್ಟೆ ಇದು. ನಮ್ಮನೇಲಿ ಬೇರೆ ಚಿಂದಿ ಇರ್ಲಿಲ್ಲ, ಇದನ್ನೇ ಹರಿದು ಕಟ್ದೆ."

"ಸಿಕ್ಕಿಬಿದ್ದೋರೆಲ್ಲ ಕಥೆ ಕಟ್ತಾರೆ," ಎಂದನು ಮಂತ್ರವಾದಿ.

"ಕಥೆ ಬೇಡ ಸ್ವಾಮಿ, ಗಂಟೇ ಕಟ್ಟೋಣ. ನಿಮ್ಮ ಹೆಸರಿನ ಅಕ್ಕಿ ನನ್ನ ಬಟ್ಟೇಲಿ, ನನ್ನ ಹೆಸರಿಂದು ನಿಮ್ಮ ಪಂಚೆ ಚುಂಗಲ್ಲಿ."

"ನನ್ನ ಪರೀಕ್ಷೆ ಮಾಡೋಕೆ ನೀನ್ಯಾರೇ?"

"ನಾನ್ಯಾರೂ ಅಲ್ಲ. ಇರುವೆ ಮೇಲೆ ನಂಬಿಕೆ ಇದ್ರೆ ಭಯ ಯಾಕೆ?"

ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಜೇನಕ್ಕನ ಅತ್ತೆ ಕೋಲೂರುತ್ತಾ ಮನೆಗೆ ಹೋಗಿ, ಸೋಸುವ ಬಟ್ಟೆಯ ಉಳಿದ ಚೂರನ್ನೂ ಒಂದು ಹಿಡಿ ಅಕ್ಕಿಯನ್ನೂ ತಂದಳು.

"ತಗೊಳ್ಳೇ, ಕಟ್ಟು. ನಾನು ಹೆತ್ತೋನು ಅಲ್ಲೇ ನೆಲ ನೋಡ್ಕೊಂಡು ನಿಂತಿರ್ಲಿ."

ಎಲ್ಲರ ಕಣ್ಣೂ ತನ್ನ ಮೇಲಿರಲು ಮಂತ್ರವಾದಿಗೆ ಪಂಚೆಯ ಚುಂಗನ್ನು ಹರಿದು ಕೊಡದೆ ವಿಧಿಯಿರಲಿಲ್ಲ. ಎರಡೂ ಗಂಟುಗಳು ಗೂಡಿನ ಬಾಯಿಗೆ ಬಂದವು. ಸೃಷ್ಟಿಕರ್ತನು ಇರುವೆಗೆ ದಯಪಾಲಿಸಿದ್ದು ಘ್ರಾಣವನ್ನೇ ಹೊರತು ನ್ಯಾಯಪೀಠವನ್ನಲ್ಲ. ಬಿಸಿಲು ನೆತ್ತಿಗೇರುವ ಮುನ್ನವೇ ಮಂತ್ರವಾದಿಯ ಹೆಸರಿನ ಗಂಟು ಇರುವೆ ಮುತ್ತಿ ಕಪ್ಪಾಗಿ ಗಿಜಿಗುಟ್ಟಿತು. ಜೇನಕ್ಕನದು ಬೆಳ್ಳಗೆ ಹಾಗೆಯೇ ಉಳಿಯಿತು.



"ನೀವು ಹಟ್ಟಿ ಬಿಡೋದೇನೂ ಬೇಡ ಸ್ವಾಮಿ," ಎಂದಳು ಜೇನಕ್ಕ. "ನೀವು ಮಾಟಗಾರರಲ್ಲ. ನಾನೂ ಅಲ್ಲ."

ಆಮೇಲೆ ಮೈದುನನತ್ತ ತಿರುಗಿದಳು.

"ಮಗೂನ ಎತ್ಕೊಂಡ್ ಬಾ. ಬೆಟ್ಟದ ಕೆಳಗಿನ ಆಸ್ಪತ್ರೆ ಬಾಗಿಲು ಹಾಕೋಕೆ ಮುಂಚೆ ಇಳೀಬೇಕು. ನಾನೂ ಬರ್ತೀನಿ. ಸಂಜೆಯೊಳಗೆ ಹಟ್ಟಿ ಬಿಡು ಅಂದ್ರಲ್ಲ, ಬಿಡ್ತೀನಿ. ಮಗು ಗೆದ್ದ ದಿನ ಇದೇ ದಾರೀಲಿ ಹತ್ತಿ ಬರ್ತೀನಿ, ಯಾರು ತಡೀತಾರೋ ತಡೀಲಿ."

ಜೇನು ಕೀಳುವ ಹಗ್ಗವನ್ನು ಅವಳು ಹೆಗಲಿಂದಿಳಿಸಿ, ತನ್ನ ಮನೆಯ ಬಾಗಿಲ ಗೂಟಕ್ಕೆ ಎಲ್ಲರಿಗೂ ಕಾಣುವಂತೆ ತೂಗುಹಾಕಿದಳು.