ಬೆಳ್ಳ್ಯಾನ ಬ್ಯಾನರು

ಆ ವರ್ಷ ಕದರಮಂಡಲಗಿಯ ಫಕ್ಕೀರಪ್ಪನ ಊಟ, ನಿದ್ದೆ ಎರಡನ್ನೂ ಕೆಡಿಸಿದ್ದು ಬ್ಯಾಡಗಿ ಬಸ್ ಸ್ಟ್ಯಾಂಡಿನ ಎದುರಿಗೆ ಕಟ್ಟಿದ್ದ ಒಂದು ಬ್ಯಾನರು. ಅದರಲ್ಲಿ ಅವನ ಊರಿನವನೇ ಆದ ಮೈಲೇಶನ ಹೋರಿ ಬೆಂಕಿಯೊಳಗಿಂದ ಎದ್ದು ಬರುತ್ತಿತ್ತು. ದೀಪಾವಳಿಯ ಬೆನ್ನಿಗೇ ಹೋರಿ ಹಬ್ಬ. ಹಿಡಿಯಲು ನುಗ್ಗುವ ಹುಡುಗರ ಕೈಗೆ ಕೊರಳಿನ ಕೊಬ್ಬರಿ ಸರ ಕೊಡದೆ ಯಾವ ಹೋರಿ ಓಡಿ ಪಾರಾಗುತ್ತದೋ ಅದರದೇ ಹೆಸರು. ಮೈಲೇಶನ ಹೋರಿಯೋ, ಓಡುವ ಮೊದಲೇ ಹೆಸರು ಮಾಡಿ ಕೂತಿತ್ತು. ಕರುವಿದ್ದಾಗಿನಿಂದ ಹುರುಳಿ, ಹಿಂಡಿ ತಿನ್ನಿಸಿ ಸಾಕಿದ ತನ್ನ ಹೋರಿಯ ಹೆಸರು ಓಣಿ ದಾಟಿಲ್ಲವಲ್ಲ ಎಂದು ಫಕ್ಕೀರಪ್ಪನಿಗೆ ಹೊಟ್ಟೆ ಉರಿಯಿತು. ನಾಲ್ಕು ಊರಿನ ಜನ ಅದನ್ನು ಗುರುತು ಹಿಡಿಯಬೇಕು, ಅವನಿಗೆ ಬೇಕಾದದ್ದು ಅದೊಂದೇ.

ಹೆಸರನ್ನೇನೋ ಜೋರಾಗಿಯೇ ಇಟ್ಟಿದ್ದ: ಕದರಮಂಡಲಗಿ ಸಿಡಿಲು. ಆದರೆ ಹೋರಿ ಮೂಗಿನ ತುದಿ ಬಿಟ್ಟರೆ ಮೈಯೆಲ್ಲ ಬೆಳ್ಳಗಿತ್ತು. ಹೆಂಡತಿ ಸುಶೀಲವ್ವ ಅದನ್ನು ಬೆಳ್ಳ್ಯಾ ಅಂತಲೇ ಕರೆಯುತ್ತಿದ್ದಳು. ಸಿಡಿಲು ಅಂದರೆ ಅದು ಕಿವಿಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಬೆಳ್ಳ್ಯಾ ಅಂದರೆ ಹಗ್ಗ ಕಿತ್ತುಕೊಂಡು ಬರುತ್ತಿತ್ತು.

ಫಕ್ಕೀರಪ್ಪ ಫೋಟೋಕ್ಕೆಂದು ನರೆತ ಮೀಸೆ, ಕೂದಲಿಗೆ ಕಪ್ಪು ಬಣ್ಣ ಹಚ್ಚಿಸಿಕೊಂಡ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಧೋತರ ಉಟ್ಟು, ಬಯಲಿನಲ್ಲಿ ಹೋರಿಯ ಹಗ್ಗ ಹಿಡಿದು ನಿಂತು ಫೋಟೋ ತೆಗೆಸಿ, ರಾಣೆಬೆನ್ನೂರಿನಲ್ಲಿ ಸುಧಾರಾಣಿಯ ಬ್ಯಾನರಿನ ಅಂಗಡಿಗೆ ಹೋದ. ಅವಳ ಕಂಪ್ಯೂಟರಿನೊಳಗಿನ ಎಐ ಏನು ಬೇಕಾದರೂ ಬರೆದುಕೊಡುತ್ತದೆಂದು ಸುದ್ದಿಯಿತ್ತು. ಆಕಾಶದ ತುಂಬ ಮೋಡ, ಸಿಡಿಲು, ಮಿಂಚು ಬೇಕೆಂದ ಫಕ್ಕೀರಪ್ಪ. ಅದೇನು ಮಹಾ ಎಂದಳು ಸುಧಾರಾಣಿ. ಫೋಟೋದಲ್ಲಿ ಬೆಳಕು ಜಾಸ್ತಿ ಇರುವ ಜಾಗವನ್ನೆಲ್ಲ ಮಾಸ್ಕು ಎಂಬ ಗೆರೆಯೊಳಗೆ ಹಿಡಿದು, ಅಷ್ಟನ್ನು ಮಾತ್ರ ಅಳಿಸಿ ಮಿಂಚು ಬರೆ ಎಂದು ಹೇಳಿ ಗುಂಡಿ ಒತ್ತಿದಳು.

ಮಿಂಚು ಬಂತು, ಮೋಡ ಬಂತು, ಹೋರಿ ಹೋಯಿತು. ಮೋಡದ ನಡುವೆ ಎರಡು ಕೋಡು, ಎರಡು ಕಣ್ಣು, ಒಂದು ಮೂಗಿನ ತುದಿ ಉಳಿದಿದ್ದವು. ಪಕ್ಕದಲ್ಲಿ ಫಕ್ಕೀರಪ್ಪನ ತಲೆ ತನ್ನ ಕರಿ ಮೀಸೆಯ ಸಮೇತ ಗಾಳಿಯಲ್ಲಿ ತೇಲುತ್ತಿತ್ತು. ಧೋತರದ ಜಾಗದಲ್ಲಿ ಮಳೆ ಸುರಿಯುತ್ತಿತ್ತು.

“ಕಾಕಾ, ಇದು ಬೆಳ್ಳಗ ಕಂಡದ್ದೆಲ್ಲಾ ಆಕಾಶ ಅಂತ ತಿಳ್ಕೊಂಡೈತಿ. ಎರಡು ದಿನ ಬಿಟ್ಟು ಬರ್ರಿ, ಹೋರಿ ಸುತ್ತ ಕೈಲೆ ಗೆರಿ ಎಳದು ಉಳಿಸಿ ಕೊಡ್ತೇನಿ.”

ಎರಡು ದಿನ ಕಾಯುವ ಮನುಷ್ಯ ಬೇರೆ ಯಾರಾದರೂ ಇರಬಹುದು. ಹೋರಿ ಕಪ್ಪಗಿದ್ದರೆ ಎಂದು ಫಕ್ಕೀರಪ್ಪ ಕೇಳಿದ. ಕಪ್ಪಗಿದ್ದರೆ ಈಗಲೇ ಆಗುತ್ತಿತ್ತೆಂದು ಅವಳು ನಕ್ಕಳು. ಅವಳು ನಕ್ಕು ಮರೆತಳು, ಇವನು ಬಸ್ಸು ಹತ್ತಿದ.

ಮನೆಗೆ ಬಂದವನೇ ರೊಟ್ಟಿ ಹಂಚಿನ ಮಸಿಯನ್ನೆಲ್ಲ ಕೆರೆದ. ಸಾಲದ್ದಕ್ಕೆ ಓಣಿಯ ಹಂಚುಗಳೂ ಬಂದವು. ಔಡಲ ಎಣ್ಣೆಯಲ್ಲಿ ಕಲಸಿ ಕೋಡಿನಿಂದ ಬಾಲದವರೆಗೆ ಬಳಿದ. ಬೆಳ್ಳ್ಯಾ ಪಾಪ, ಮೈ ತಿಕ್ಕುತ್ತಿದ್ದಾನೆಂದು ತಿಳಿದು ಕಣ್ಣು ಮುಚ್ಚಿ ಸುಖಪಟ್ಟಿತು. ಫಕ್ಕೀರಪ್ಪ ತಾನೂ ಕರಿ ಕಂಬಳಿ ಹೊದ್ದು ಮತ್ತೆ ಫೋಟೋ ತೆಗೆಸಿ ಸುಧಾರಾಣಿಯ ಅಂಗಡಿಗೆ ಒಯ್ದ. ಈ ಸಲ ಮಾಸ್ಕು ಆಕಾಶವನ್ನಷ್ಟೇ ಹಿಡಿಯಿತು. ಕಡುಗಪ್ಪು ಹೋರಿಯ ಹಿಂದೆ ಸಿಡಿಲು ಬಡಿಯಿತು. ಫಕ್ಕೀರಪ್ಪ ಹಲ್ಲು ಬಿಟ್ಟು ನಕ್ಕಿದ್ದರಿಂದ ಅವನ ಬಾಯೊಳಗೂ ಸಣ್ಣದೊಂದು ಮಿಂಚು ಬಂದಿತ್ತು. ಅದು ಇರಲಿ ಎಂದ.

ಬ್ಯಾನರು ಮೈಲೇಶನ ಬ್ಯಾನರಿನ ಪಕ್ಕದಲ್ಲೇ ಏರಿತು. ಜನ ನಿಂತು ನೋಡಿದರು. ಇಂಥ ಕರಿ ಹೋರಿ ಇಷ್ಟು ದಿನ ಎಲ್ಲಿತ್ತು ಎಂದು ಚಹಾದ ಅಂಗಡಿಗಳಲ್ಲಿ ಅದೇ ಮಾತು. ಹಿಡಿಯುವ ಹುಡುಗರೆಲ್ಲ ಈ ಸಲ ಕೈ ಹಾಕಿದರೆ ಅದಕ್ಕೇ ಎಂದು ತೊಡೆ ತಟ್ಟಿದರು. ಫಕ್ಕೀರಪ್ಪ ನೆಲದ ಮೇಲೆ ನಡೆಯುವುದನ್ನೇ ಬಿಟ್ಟ.

ಆದರೆ ಮಸಿ ಬಳಿದ ಹೋರಿಗೆ ಹಬ್ಬದ ಆರತಿ ಎತ್ತುವುದಿಲ್ಲವೆಂದು ಸುಶೀಲವ್ವ ಹಟ ಹಿಡಿದಳು. ಸೀಗೆಪುಡಿ ಹಾಕಿ ತಿಕ್ಕಿದಳು. ಹೋರಿ ಹಬ್ಬದ ಅಖಾಡಕ್ಕೆ ಬೆಳ್ಳ್ಯಾ ಬೆಳ್ಳ್ಯಾ ಆಗಿಯೇ ಬಂತು.

ಮೈಕಿನವನು ಕದರಮಂಡಲಗಿ ಸಿಡಿಲು ಬರುತ್ತಿದೆ ಎಂದು ಕೂಗಿದ. ಹುಡುಗರು ಸೊಂಟ ಕಟ್ಟಿ, ಕಣ್ಣು ಅಗಲಿಸಿ ಕರಿ ಹೋರಿಗೆ ಕಾದು ನಿಂತರು. ನಡುವೆ ಯಾವುದೋ ಬಿಳಿ ಹೋರಿ ಬಂದಾಗ ಅಡ್ಡ ಬರಬೇಡವೆಂದು ತಾವೇ ಸರಿದು ದಾರಿ ಬಿಟ್ಟರು. ಒಂದು ಕೊಬ್ಬರಿಯೂ ಉದುರದೆ ಬೆಳ್ಳ್ಯಾ ಪಾರಾಯಿತು. ಮೊದಲ ಬಹುಮಾನ ಕದರಮಂಡಲಗಿ ಸಿಡಿಲಿಗೆ ಎಂದು ಮೈಕು ಸಾರಿತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಅವರಲ್ಲೊಬ್ಬ, ಅದು ಕಣ್ಣಿಗೇ ಕಾಣದಷ್ಟು ಜೋರಾಗಿ ಓಡಿತು ಎಂದ. ತನಗೆ ಬರೀ ಗಾಳಿ ಬಡಿಯಿತೆಂದು ಇನ್ನೊಬ್ಬ ಆಣೆ ಮಾಡಿದ.

ಮರುದಿನ ಬೆಳಿಗ್ಗೆ ಮನೆ ಮುಂದೆ ಜನವೋ ಜನ. ಫಕ್ಕೀರಪ್ಪ ಎದೆ ಉಬ್ಬಿಸಿ ಕೊಟ್ಟಿಗೆಗೆ ಕರೆದೊಯ್ದು, ಇದೇ ನೋಡಿ ಎಂದು ಬೆಳ್ಳ್ಯಾನ ಬೆನ್ನು ತಟ್ಟಿದ.

“ಇದು ಇರ್ಲಿ ಕಾಕಾ, ಸಿಡಿಲ್ನ ತೋರಸ್ರಿ” ಎಂದರು.

ಎಷ್ಟು ಹೇಳಿದರೂ ನಂಬಲಿಲ್ಲ. ದೃಷ್ಟಿಯಾಗುತ್ತದೆಂದು ಕರಿ ಹೋರಿಯನ್ನು ಬಚ್ಚಿಟ್ಟಿದ್ದಾನೆಂದು ಬೈದುಕೊಂಡು ಹೋದರು. ಬೆಳ್ಳ್ಯಾ ಅವರ ಹಿಂದೆ ಮುಖ ಚಾಚಿ ನಿಂತಿತ್ತು. ಗೆದ್ದ ಹೋರಿಯ ಹಣೆಯನ್ನು ಒಬ್ಬರೂ ಸವರಲಿಲ್ಲ. ಫಕ್ಕೀರಪ್ಪನಿಗೆ ಅಳುವೇ ಬಂತು, ಮಸಿ ಬಳಿದ ತನ್ನ ಕೈಯನ್ನೇ ಕಡಿದುಕೊಳ್ಳಬೇಕೆನ್ನಿಸಿತು.

ಮತ್ತೆ ರಾಣೆಬೆನ್ನೂರು. ಹಳೇ ಬ್ಯಾನರಿನ ಆಕಾಶ, ಮಿಂಚು ಹಾಗೇ ಇರಬೇಕು, ಇಲ್ಲದಿದ್ದರೆ ಜನ ಇದು ಬೇರೆ ಹೋರಿ ಅಂದಾರು. ಹೋರಿ ಮಾತ್ರ ಬೆಳ್ಳಗಾಗಬೇಕು, ಹೆಸರು ಬೆಳ್ಳ್ಯಾ ಅಂತ ಬರಬೇಕು ಎಂದ. ಸುಧಾರಾಣಿ ಮಾಸ್ಕನ್ನು ತಿರುಗಾಮುರುಗಾ ಮಾಡಿದಳು. ಮೋಡಗಳನ್ನಷ್ಟೇ ಹೊರಗಿಟ್ಟು, ಉಳಿದ ಕಪ್ಪನ್ನೆಲ್ಲ ಹಿಡಿದು ಬಿಳಿ ಮಾಡು ಎಂದು ಗುಂಡಿ ಒತ್ತಿದಳು.

ಹೋರಿ ಬೆಳ್ಳಗಾಯಿತು. ಕಂಬಳಿ ಬೆಳ್ಳಗಾಯಿತು. ಬಣ್ಣ ಹಚ್ಚಿದ ಮೀಸೆ, ಕೂದಲೂ ಬೆಳ್ಳಗಾದವು. ಸುಧಾರಾಣಿ ನಾಲಗೆ ಕಚ್ಚಿಕೊಂಡು, ಕುಂದರ್ರಿ, ಮೀಸೆಯನ್ನು ಮತ್ತೆ ಕಪ್ಪು ಮಾಡುತ್ತೇನೆಂದಳು.

ಫಕ್ಕೀರಪ್ಪ ಬಹಳ ಹೊತ್ತು ನೋಡಿದ. “ಬ್ಯಾಡ ಬಿಡವಾ. ಅದರದು ಖರೇ ಬಣ್ಣ ಬಂದೈತಿ, ಜೋಡಿಗೆ ನಂದೂ ಬರ್ಲಿ.”

ಹೊಸ ಬ್ಯಾನರು ಏರಿದ ಮೇಲೆ ಜನ ಮತ್ತೆ ಬಂದರು. ಬಂದವರೆಲ್ಲ ಬೆಳ್ಳ್ಯಾ, ಬೆಳ್ಳ್ಯಾ ಎಂದು ಕರೆದು ಹಣೆ ಸವರಿದರು. ಅದು ಎಲ್ಲರ ಕೈಯನ್ನೂ ನೆಕ್ಕಿತು. ಸಗಣಿ ಬಾಚುತ್ತಿದ್ದ ಫಕ್ಕೀರಪ್ಪನ ಕರಿ ಮೀಸೆಯನ್ನು ಒಮ್ಮೆ ನೋಡಿ ಒಬ್ಬ ಕೇಳಿದ, ಬ್ಯಾನರಿನಲ್ಲಿ ಹಗ್ಗ ಹಿಡಿದ ಅಜ್ಜ ಎಲ್ಲಿ ಎಂದು.

“ಬರ್ತಾನ” ಎಂದ ಫಕ್ಕೀರಪ್ಪ. “ಬಣ್ಣ ಹೋಗಾಕ ಇನ್ನೊಂದೀಟು ದಿನ ಬೇಕು.”