ಮೊಲೆಗೂಸು

“ಅದೇನದು ಲಂಗದ ಮರೇಲಿ? ಕದ್ದ ಹಂದಿಮರೀನಾ?”

ಲಾರ್ಕಿನ್ ಬೆತ್ತದ ತುದಿಯಿಂದ ಟೆಂಪಿಯ ಲಂಗ ಸರಿಸಿದ. ಅವಳು ಹೊಗೆಸೊಪ್ಪಿನ ಕೊಟ್ಟಿಗೆಯ ನೆಲದ ಮೇಲೆ ಕೂತು ಕಾಂಡದಿಂದ ಎಲೆ ಬಿಡಿಸುತ್ತಿದ್ದಳು. ಹೊರಗೆ ಎರಡು ದಿನದಿಂದ ಮಂಜು ಜಿನುಗುತ್ತಿತ್ತು. ಅಂಥ ತಂಪಿನಲ್ಲೇ ಎಲೆ ಮೆತ್ತಗಾಗುವುದು. ಒಣಹವೆಯಲ್ಲಿ ಮುಟ್ಟಿದರೆ ಪುಡಿಪುಡಿ. ಅದಕ್ಕೇ ಬೆಳಗಿನಿಂದ ಯಾರೂ ಸೊಂಟ ನೆಟ್ಟಗೆ ಮಾಡಿರಲಿಲ್ಲ.

ಬೆತ್ತಕ್ಕೆ ಸಿಕ್ಕಿದವಳು ವಿನ್ನಿ. ಎದ್ದು ನಿಲ್ಲಲಿಲ್ಲ, ಅಳಲಿಲ್ಲ. ಹೆಬ್ಬೆರಳು ಬಾಯಿಗಿಟ್ಟುಕೊಂಡು ಅವ್ವನ ಎದೆಗೆ ಮುಖ ಒತ್ತಿದಳು.

“ನಂದೇ ಬುದ್ದಿ. ಇನ್ನೂ ಮೊಲೆಗೂಸು.”

“ಮೊಲೆಗೂಸಂತೆ! ಹಲ್ಲು ನೋಡಿದ್ರೆ ನನ್ನ ಬೂಟು ಕಡಿಯೋ ಹಾಗಿದೆ.”

ಮಾತು ಬರುತ್ತದೆಯೇ ಎಂದು ಕೇಳಿದ. ಇನ್ನೂ ಇಲ್ಲವೆಂದಳು. ಹುಟ್ಟುವುದಕ್ಕೂ ಸೋಮಾರಿತನ, ಬೆಳೆಯುವುದಕ್ಕೂ ಸೋಮಾರಿತನ ಎಂದು ಅವನು ನಗುತ್ತ ಮುಂದೆ ಹೋಗಿ, ಎಲೆ ಬಿಡಿಸುತ್ತಿದ್ದ ಕಡ್ಜೋನ ಹೆಗಲನ್ನು ಎತ್ತಿನ ಹಿಣಿಲು ಅದುಮಿ ನೋಡುವಂತೆ ಅದುಮಿದ. ಸತ್ತ ಟಾರ್ಪ್ಲಿ ಧಣಿಯ ಅಳಿಯ ಅವನು. ಹೊಸ ವರ್ಷಕ್ಕೆ ಆಸ್ತಿ ಪಾಲಾದ ಮೇಲೆ ಹೆಂಡತಿಯ ಪಾಲಿಗೆ ಬಂದ ಗುಲಾಮರನ್ನೆಲ್ಲ ಹೊಡೆದುಕೊಂಡು ಬೆಟ್ಟದ ಆಚೆ ಕೆಂಟಕಿಗೆ ಹೋಗುವವನಿದ್ದ. ಹಾಗೆ ಹೋದವರ ಸುದ್ದಿ ವರ್ಜೀನಿಯಾಕ್ಕೆ ತಿರುಗಿ ಬಂದದ್ದನ್ನು ಕೊಟ್ಟಿಗೆಯಲ್ಲಿದ್ದವರು ಯಾರೂ ಕೇಳಿರಲಿಲ್ಲ.

ಬೂಟಿನ ಸದ್ದು ದೂರಾದ ಮೇಲೆ ಕಡ್ಜೋ ಎಲೆಯಿಂದ ಕಣ್ಣೆತ್ತದೆ ಹೇಳಿದ.

“ಟೆಂಪಕ್ಕ, ನಿನ್ ಮಗಳು ನೆನ್ನೆ ನಂಗೆ ಮೊಲದ ಕತೆ ಹೇಳಿದ್ಲು. ಇವತ್ತು ಮಾತೇ ಬರಾಕಿಲ್ವಂತೆ. ಒಂದ್ ಕೆಲ್ಸ ಮಾಡು, ನನ್ನೂ ಎತ್ಕೊಂಡು ಒಂದೀಟು ಕುಡಿಸ್ಬುಡು. ಕೆಂಟಕಿ ತಪ್ಪುತ್ತೆ.”

ಎಲ್ಲರೂ ಎಲೆಗಳೊಳಗೆ ಮುಖ ತೂರಿಸಿ ನಕ್ಕರು. ಟೆಂಪಿಯೂ ನಕ್ಕಳು. ನಗುವಾಗ ಎದೆ ನೋಯುತ್ತಿತ್ತು.

ಮುಸುಕಿನ ಜೋಳ ಬಿತ್ತುವ ಹೊತ್ತಿಗೆ ವಿನ್ನಿಗೆ ನಾಲ್ಕು ತುಂಬುತ್ತದೆ. ಅದು ಟೆಂಪಿಗೆ ಗೊತ್ತು, ಸೂಲಗಿತ್ತಿಯಾಗಿದ್ದ ಮುದುಕಿ ಜೂನವ್ವನಿಗೆ ಗೊತ್ತು. ಟಾರ್ಪ್ಲಿಗೂ ಗೊತ್ತಿತ್ತೇನೋ, ಅವನು ಹೋದ. ಅವನ ಪುಸ್ತಕದಲ್ಲಿ ಹಸುಗಳು ಈದ ದಿನ ಬರೆದಿತ್ತು, ವಿನ್ನಿಯದು ಬರೆದಿರಲಿಲ್ಲ. ಅವಳ ಅಪ್ಪ ಐಶಾಮ್‌ನನ್ನು ಮಾರಿದ ದಿನವನ್ನೂ ಬರೆದಿರಲಿಲ್ಲ.

ಟಾರ್ಪ್ಲಿ ಸತ್ತದ್ದು ಏಪ್ರಿಲ್‌ನಲ್ಲಿ. ಹೆಣ ತೊಳೆಯುತ್ತಿದ್ದಾಗ ಜೂನವ್ವ ಬಟ್ಟೆ ಹಿಂಡುತ್ತ ಟೆಂಪಿಯ ಕಿವಿಗೆ ಬಾಯಿಟ್ಟಿದ್ದಳು.

“ಬೆಳೆ ಮನೆಗೆ ಬರೋಗಂಟ ಯಾರ್ನೂ ಅಲ್ಲಾಡ್ಸಾಕಿಲ್ಲ, ಅದು ಅವರ ಕಾನೂನು. ಆಮ್ಯಾಕೆ ಪಾಲು. ಒಬ್ಬೊಬ್ರುನ್ನೂ ಬಿಡಿಬಿಡಿಯಾಗಿ ಬರೀತಾರೆ ಕಣವ್ವ. ಮೊಲೆ ಕುಡಿಯೋ ಕೂಸ್ನ ಮಾತ್ರ ತಾಯಿ ಸಾಲಲ್ಲೇ ಬರೀತಾರೆ. ಹಸ ಕರ ಇದ್ದಂಗೆ.”

ಜೂನವ್ವ ಮೂರು ಮನೆಯ ಪಾಲು ನೋಡಿದವಳು. ಒಂದೊಂದು ಪಾಲಿಗೆ ಒಂದೊಂದು ಮಗುವನ್ನು ಕಳೆದುಕೊಂಡಿದ್ದಳು.

ವಿನ್ನಿಗೆ ಮೊಲೆ ಬಿಡಿಸಿ ಆಗಲೇ ಎರಡು ವರ್ಷ. ಬಿಡಿಸುವುದು ಸುಲಭವಾಗಿತ್ತು. ಹೊಗೆಸೊಪ್ಪು ಬಿಡಿಸಿದ ಕೈಯಲ್ಲಿ ಕಪ್ಪು ಅಂಟು ಕೂರುತ್ತದಲ್ಲ, ಅದನ್ನೇ ಸವರಿಕೊಂಡರೆ ಸಾಕು. ಕೂಸು ಒಮ್ಮೆ ಬಾಯಿಟ್ಟು ಮುಖ ಕಿವುಚಿ ತಿರುಗಿಕೊಳ್ಳುತ್ತದೆ. ಮತ್ತೆ ಮೊಲೆಯ ರೂಢಿ ಹಿಡಿಸುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಟೆಂಪಿ ಸಿಹಿ ಕಾಕಂಬಿ ಸವರಿಕೊಂಡಳು. ವಿನ್ನಿ ಕಾಕಂಬಿ ನೆಕ್ಕಿ ಎದ್ದು ಓಡುತ್ತಿದ್ದಳು. ಹಿಡಿದು ಕೂರಿಸಿದರೆ ಕಚ್ಚುತ್ತಿದ್ದಳು. ಜೂನವ್ವ ಸೋಂಪು ಕುದಿಸಿ ನೀರು ಕೊಟ್ಟಳು. ಬತ್ತಿದ ಬಾವಿಯ ಹಗ್ಗ ಜಗ್ಗಿದ ಹಾಗೆ ಟೆಂಪಿ ಎರಡು ತಿಂಗಳು ಒಣಮೊಲೆ ಎಳೆಸಿಕೊಂಡಳು. ಜೂನ್‌ನಲ್ಲಿ, ಎಲೆಯ ಹಸಿರು ಹುಳ ಆರಿಸುತ್ತಿದ್ದಾಗ, ರವಿಕೆ ಒದ್ದೆಯಾದಂತಾಯಿತು. ಬೆವರಿರಬೇಕೆಂದು ಬಿಚ್ಚಿ ನೋಡಿದರೆ ಬಿಳಿ.

ಹಾಲು ಬಂದರೆ ಸಾಲದು. ಮಗು ಬೆಳೆಯುತ್ತಿತ್ತು.

ಅಂದಿನಿಂದ ವಿನ್ನಿಯ ಪಾಲಿನ ಅಂಬಲಿಯಲ್ಲಿ ಅರ್ಧ ಟೆಂಪಿಯ ಹೊಟ್ಟೆಗೆ. ಹಾಲಿಗೆ ಬೇಕಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ವಿನ್ನಿ ಮೊದಮೊದಲು ಬೋಗುಣಿ ಹಿಡಿದುಕೊಂಡು ಬಿಡುತ್ತಿರಲಿಲ್ಲ, ಆಮೇಲೆ ಕೇಳುವುದನ್ನೇ ಬಿಟ್ಟಳು. ಹೋದ ಚಳಿಗಾಲದ ಅಂಗಿ ಈ ಚಳಿಗಾಲಕ್ಕೂ ಸರಿಯಾಯಿತು. ಟೆಂಪಿ ಅದರ ಗುಂಡಿ ಹಾಕಿ, ಸಮಾಧಾನದಿಂದ ನಿಟ್ಟುಸಿರು ಬಿಟ್ಟು, ಹಿತ್ತಿಲಿಗೆ ಹೋಗಿ ತಿಂದಿದ್ದನ್ನೆಲ್ಲ ಕಾರಿಕೊಂಡಳು.

ಆಟವೊಂದನ್ನು ಕಲಿಸಿದಳು. ಬೂಟಿನ ಸದ್ದು ಕೇಳಿದರೆ ಹೆಬ್ಬೆರಳು ಬಾಯಿಗೆ, ಮುಖ ಎದೆಗೆ. ಯಾರು ಏನು ಕೇಳಿದರೂ ಮಾತಿಲ್ಲ. ಗೆದ್ದರೆ ಒಂದು ಬೆರಳು ಕಾಕಂಬಿ. ವಿನ್ನಿ ಒಂದು ಸಲವೂ ಸೋಲುತ್ತಿರಲಿಲ್ಲ.

ಹೊಸ ವರ್ಷದ ಬೆಳಗ್ಗೆ ಅಂಗಳಕ್ಕೆ ಊಟದ ಮೇಜು ತಂದು ಹಾಕಿದರು. ಬೆಲೆ ಕಟ್ಟಲು ನೆರೆಯ ಮೂವರು ಜಮೀನುದಾರರು ಬಂದಿದ್ದರು. ನೇಗಿಲು, ಹಂಡೆ, ಗರಿಯ ಹಾಸಿಗೆ, ಕುದುರೆ ಎಲ್ಲ ಆಯಿತು. ಆಮೇಲೆ ಜನ. ಮೂವರಲ್ಲಿ ಹಿರಿಯ ನರೆಗಡ್ಡದವನು. ಭಾನುವಾರ ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂರುವವನು. ಜೂನವ್ವನನ್ನು ಅವನು ನೋಡಲೂ ಇಲ್ಲ.

“ಸೊನ್ನೆ.”

“ಸೊನ್ನೆ ಅಂದ್ರೆ ಯಾರಿಗೂ ಬ್ಯಾಡ ಅಂತ ತಾನೆ? ನನ್ ಪಾಡಿಗೆ ನಾನು ಒಂಟೋಗ್ಲಾ ಬುದ್ದಿ?”

ಮೂವರೂ ನಕ್ಕರು. ಹೋಗು, ಅಡುಗೆಮನೆಗೆ ಹೋಗಿ ಮಧ್ಯಾಹ್ನಕ್ಕೆ ಹಂದಿತೊಡೆ ಬೇಯಿಸು ಎಂದ ಮುದುಕ.

ಟೆಂಪಿಯ ಸರದಿ ಬಂತು. ಲಾರ್ಕಿನ್ ಮೇಜಿನ ಮೂಲೆಗೆ ಕುಂಡಿ ಊರಿ, ಕೂಸಿನ ವಿಚಾರ ಸುಳ್ಳಿರಬೇಕು, ಬಿಡಿಯಾಗಿ ಬರೆಯಿರಿ ಎಂದ. ಮುದುಕ ಬಾಯಲ್ಲಿದ್ದ ಹೊಗೆಸೊಪ್ಪು ಉಗಿದು ಎದ್ದುಬಂದ.

“ಬಿಚ್ಚು.”

ಟೆಂಪಿ ಬಿಚ್ಚಿದಳು. ಕಡ್ಜೋ ಮತ್ತು ಉಳಿದವರು ನೆಲ ನೋಡಿದರು. ಚಳಿಗೆ ಅವಳ ಮೈ ಮುಳ್ಳೆದ್ದಿತ್ತು. ಮುದುಕ ಎರಡು ಬೆರಳಲ್ಲಿ ಹಿಡಿದು, ಹಸುವಿನ ಕೆಚ್ಚಲು ಬಲ್ಲವನ ಹಾಗೆ ಮೇಲಿನಿಂದ ಕೆಳಕ್ಕೆ ಎಳೆದ. ಒಮ್ಮೆ ಎಳೆದರೆ ಏನೂ ಬರಲಿಲ್ಲ. ಎರಡನೆಯ ಸಲ ನೋವಿಗೆ ಅವಳ ಹಿಮ್ಮಡಿ ನೆಲ ಬಿಟ್ಟಿತು. ಮೂರನೆಯದಕ್ಕೆ ಹಾಲು ಚಿಮ್ಮಿ ಅವನ ತೋಳಿನ ಪಟ್ಟಿ ಒದ್ದೆ ಮಾಡಿತು.

ಅವನು ಬೆರಳುಗಳನ್ನು ಅವಳ ತಲೆವಸ್ತ್ರಕ್ಕೆ ಒರೆಸಿದ.

“ತಾಯಿ, ಮೊಲೆಗೂಸು. ಒಂದು.”

ಲೇಖನಿ ಕಾಗದದ ಮೇಲೆ ಕೆರೆದ ಸದ್ದು ಟೆಂಪಿಗೆ ಕೇಳಿಸಿತು. ಎಂಟು ತಿಂಗಳು ಆ ಸದ್ದಿಗೇ ಕಾದಿದ್ದಳು. ಪಡಸಾಲೆಯ ಕಿಟಕಿಯಲ್ಲಿ ಪರದೆ ಅಲ್ಲಾಡಿದ್ದನ್ನು ಅವಳು ಗಮನಿಸಲಿಲ್ಲ.

ಎರಡು ಪಟ್ಟಿ, ಎರಡು ಚೀಟಿ. ಟಾರ್ಪ್ಲಿಯ ಟೋಪಿಯೊಳಗೇ ಚೀಟಿ ಹಾಕಿದರು. ಅದರ ಅಂಚಿನಲ್ಲಿ ಅವನ ಬೆವರಿನ ಕಲೆ ಇನ್ನೂ ಇತ್ತು. ಮಗ ಬರ್ವೆಲ್ ಕೈ ಹಾಕಿ ಎತ್ತಿದ. ಟೆಂಪಿ, ಕೂಸು ಇದ್ದ ಪಟ್ಟಿ ಅವನಿಗೆ ಬಂತು. ಅವನು ಇಲ್ಲೇ ಉಳಿಯುವವನು. ಕಡ್ಜೋ ಕೆಂಟಕಿಗೆ. ಕಡ್ಜೋ ತನ್ನ ಪಾದಗಳನ್ನು ಒಂದು ಸಲ ನೋಡಿಕೊಂಡು ವಿನ್ನಿಯ ಕೆನ್ನೆ ಚಿವುಟಿದ. “ಗೆದ್ದೆ ಕಣವ್ವ” ಅಂದ. ಟೆಂಪಿ ರವಿಕೆಯ ಗುಂಡಿ ಹಾಕಿಕೊಳ್ಳುತ್ತಿದ್ದಳು.

ಆಗ ಲುಸಿಂಡಾ ಮೆಟ್ಟಿಲಿಗೆ ಬಂದಳು. ಬರ್ವೆಲ್‌ನ ತಂಗಿ, ಲಾರ್ಕಿನ್‌ನ ಹೆಂಡತಿ, ಇಪ್ಪತ್ತು ದಿನದ ಬಾಣಂತಿ. ಜ್ವರ ಬಂದು ಅವಳ ಹಾಲು ಹಿಂಗಿತ್ತು. ಯಾರಿಗೂ ಗಟ್ಟಿಯಾಗಿ ಮಾತಾಡದ ಹೆಂಗಸು.

“ಅಣ್ಣಾ, ಅವಳನ್ನ ನನಗೆ ಕೊಡು. ಐದಾರು ವಾರದ ದಾರಿ. ಮಗು ಉಳೀಬೇಕಲ್ಲ.”

ಅವಳ ಜೊತೆ ಕೂಸೂ ಬರುತ್ತದಲ್ಲ ಎಂದು ಬರ್ವೆಲ್ ಅನುಮಾನಿಸಿದ. ಲಾರ್ಕಿನ್ ಮೇಜಿನಿಂದ ಇಳಿದ.

“ಕೂಸು ಯಾಕೆ? ಎರಡು ಬಾಯಿಗೆ ಹಾಲು ಸಾಲಲ್ಲ. ಅದನ್ನ ನೀನೇ ಇಟ್ಕೋ, ಮೇಲೊಂದು ಹೋರಿ ತಗೋ. ಹಾಲು ನಮಗೆ ಕೊಡು.”

ಒಂದೇ ಸಾಲಲ್ಲಿ ಬರೆದದ್ದು ಪದ್ಧತಿಗೆ, ಅಣ್ಣ ತಂಗಿ ಒಪ್ಪಿದರೆ ತಮ್ಮದೇನೂ ತಕರಾರಿಲ್ಲ ಎಂದ ಮುದುಕ. ಬರ್ವೆಲ್ ಹೋರಿಯ ಕಡೆ ನೋಡಿದ.

ಟೆಂಪಿ ಕೆಸರಿಗೆ ಮೊಣಕಾಲೂರಿದಳು.

“ಬುದ್ದಿ, ಸುಳ್ಳಾಡ್ಬುಟ್ಟೆ. ಅವಳು ಕೂಸಲ್ಲ. ನಾಕ್ ವರ್ಸ. ಹಾಲಿಲ್ಲ ನಂಗೆ, ನಿಮ್ ಮಗೀಗೆ ಸಾಕಾಗಾಕಿಲ್ಲ. ಬ್ಯಾಡಿ ಬುದ್ದಿ.”

ಮುದುಕ ತನ್ನ ಒದ್ದೆ ತೋಳನ್ನು ಎತ್ತಿ ತೋರಿಸಿದ. ಆಮೇಲೆ ಸಾವಧಾನವಾಗಿ ಹೇಳಿದ: “ನಾಲ್ಕು ವರ್ಷ ಆಗಿದ್ರೆ ಒಳ್ಳೇದೇ ಆಯ್ತಲ್ಲ. ತಾಯಿ ಬೇಕಾಗಿಲ್ಲ.”

ಬರೆದ ಸಾಲನ್ನು ಹೊಡೆದು ಹಾಕಿದ.

ಒಳಗೆ ಲುಸಿಂಡಾಳ ಮಗು ಹಸಿದು ಅಳುತ್ತಿತ್ತು. ಕೈ ತೊಳೆದು ಬಾ ಎಂದು ಟೆಂಪಿಯನ್ನು ಬಾವಿಗೆ ಕಳಿಸಿದರು. ಅವಳು ಬಾವಿಗೆ ಹೋಗಲಿಲ್ಲ, ಕೊಟ್ಟಿಗೆಗೆ ಹೋದಳು. ಹಸಿಯಾಗಿದ್ದ ಎಲೆಗಳನ್ನು ಅಂಗೈಯಲ್ಲಿ ಹೊಸಕಿದಳು, ಅಂಟು ಬೆರಳ ಸಂದಿಗೆಲ್ಲ ಕಪ್ಪಾಗಿ ಇಳಿಯುವವರೆಗೆ. ಎರಡೂ ಕಡೆ ಸವರಿಕೊಂಡು ಪಡಸಾಲೆಗೆ ಬಂದಳು.

ಮಗು ಬಾಯಿಟ್ಟಿತು. ನಾಲಗೆ ಹೊರಗೆ ಚಾಚಿ, ಉಸಿರು ಕಟ್ಟಿದಂತೆ ಕಿರುಚಿತು. ಅವಳ ಎದೆಯ ಕಪ್ಪು ನೋಡಿ ಲುಸಿಂಡಾ ಮಗುವನ್ನು ಕಿತ್ತುಕೊಂಡಳು.

“ಸೂಳೆ” ಎಂದ ಲಾರ್ಕಿನ್. ಕೂದಲು ಹಿಡಿದು ಬಾವಿಕಟ್ಟೆಗೆ ಎಳೆದೊಯ್ದು, ತೊಟ್ಟಿಯ ಮೇಲೆ ಕಟ್ಟಿದ್ದ ಮಂಜುಗಡ್ಡೆಯನ್ನು ಬೆತ್ತದಿಂದ ಒಡೆದು, ಅಡುಗೆಮನೆಯಿಂದ ಜೂನವ್ವನನ್ನು ಕರೆಸಿದ. ಬೂದಿಸಾಬೂನು, ಮರಳು. ಉಜ್ಜು ಎಂದ. ಜೂನವ್ವ ಉಜ್ಜಿದಳು. ಮೆಲ್ಲಗೆ ಉಜ್ಜಿದಾಗೆಲ್ಲ ಬೆತ್ತ ಅವಳ ಬೆನ್ನು ಮುಟ್ಟುತ್ತಿತ್ತು.

“ಸೈಸ್ಕೋ ಮಗಳೇ. ಅವರ ಕೂಸಿಗೇನ್ ಗೊತ್ತು, ಅದುನ್ನ ಬೈಬ್ಯಾಡ.”

“ಬೈಯಾಕಿಲ್ಲ ಅವ್ವ. ನಂಗೆ ಅದರ ಮಕ ನೋಡಾಕೂ ಇಷ್ಟ ಇಲ್ಲ.”

ಚರ್ಮ ಕೆಂಪಾಗಿ ಸುಲಿದ ಮೇಲೆ ಮತ್ತೆ ಮಗುವನ್ನು ತಂದರು. ಈ ಸಲ ಅದು ಕುಡಿಯಿತು. ಗುಟುಕಿನ ಸದ್ದು ಕೇಳಿ ಲುಸಿಂಡಾ ಅತ್ತಳು, ದೇವರಿಗೆ ಕೈಮುಗಿದಳು. ಬಾಗಿಲ ಬಳಿ ವಿನ್ನಿ ಎರಡು ಕಾಲ ಮೇಲೆ ನೆಟ್ಟಗೆ ನಿಂತು ನೋಡುತ್ತಿದ್ದಳು. ಅವಳು ನಿಂತಿದ್ದಾಳೆಂದು ಈಗ ಯಾರೂ ಗಮನಿಸಲಿಲ್ಲ.

ಮಾರನೆಯ ಬೆಳಗ್ಗೆ, ಬಂಡಿಗೆ ಕುದುರೆ ಕಟ್ಟುತ್ತಿದ್ದಾಗ, ಜೂನವ್ವ ಲಂಗದ ಮರೆಯಲ್ಲಿ ಒಂದು ಬೋಗುಣಿ ಅಂಬಲಿ ತಂದುಕೊಟ್ಟಳು. ತುಂಬ ಇತ್ತು, ಮೇಲೆ ಹಂದಿಯ ಕೊಬ್ಬು ತೇಲುತ್ತಿತ್ತು. ಟೆಂಪಿ ಗುಡಿಸಲ ಹೊಸ್ತಿಲಲ್ಲಿ ವಿನ್ನಿಯನ್ನು ಎದುರಿಗೆ ಕೂರಿಸಿಕೊಂಡಳು.

“ಎಲ್ಲಾ ತಿನ್ನು.”

ವಿನ್ನಿ ಹಕ್ಕಿಮರಿಯ ಹಾಗೆ ಬಾಯಿ ತೆರೆದು ಕಾದಳು.

“ಹಂಗಲ್ಲ. ನಿನ್ ಕೈಯಾಗೆ ತಿನ್ನು. ಬಿರ್‍ರನೆ ತಿನ್ನು. ಇನ್ಮ್ಯಾಕೆ ಯಾರ್ ಕೊಟ್ರೂ ಎಲ್ಲಾ ತಿನ್ಬೇಕು, ದೊಡ್ಡೋಳಾಗ್ಬೇಕು.”

ಚಮಚ ಕೈಗಿಟ್ಟಳು. ಅರ್ಧಕ್ಕೆ ಬಂದಾಗ ವಿನ್ನಿ ಚಮಚ ಇಟ್ಟು, ಉಳಿದದ್ದನ್ನು ಅವ್ವನ ಕಡೆ ತಳ್ಳಿದಳು. ಟೆಂಪಿ ತಿರುಗಿ ಅವಳ ಕಡೆಗೇ ತಳ್ಳಿದಳು.

“ಈಗ ಹೇಳು. ನಿನ್ನವ್ವನ ಹೆಸ್ರೇನು? ಟೆಂಪಿ. ಯಾರಾನ ಕೇಳಿದ್ರೆ ಹೇಳ್ಬೇಕು. ಎಷ್ಟ್ ವರ್ಸ ಆದ್ರೂ ಹೇಳ್ಬೇಕು. ಟಾರ್ಪ್ಲಿ ಮನೆ ಟೆಂಪಿ. ಅನ್ನು.”

ವಿನ್ನಿ ಅವಳ ಮುಖ ನೋಡಿದಳು. ತುಟಿ ಅಲ್ಲಾಡಿತು.

“ಅನ್ನವ್ವ. ಟೆಂಪಿ.”

ಬಂಡಿಯ ಕಡೆಯಿಂದ ಲಾರ್ಕಿನ್ ಕೂಗಿದ. ಅವಳು ಏಳಲಿಲ್ಲ. ಮತ್ತೊಮ್ಮೆ ಕೂಗಿ, ಆಮೇಲೆ ತಾನೇ ಇಳಿದು ಬಂದ. ಹೆಪ್ಪುಗಟ್ಟಿದ ನೆಲದ ಮೇಲೆ ಬೂಟಿನ ಸದ್ದು ಹತ್ತಿರವಾಯಿತು.

ವಿನ್ನಿ ಚಮಚ ಬಿಟ್ಟಳು. ಹೆಬ್ಬೆರಳು ಬಾಯಿಗಿಟ್ಟುಕೊಂಡು, ಅವ್ವನ ಸುಲಿದ ಎದೆಗೆ ಮುಖ ಒತ್ತಿ, ಮಾತಿಲ್ಲದೆ ಕೂತಳು. ಕಾಕಂಬಿಗೆ ಕಾಯುವವಳ ಹಾಗೆ ಒಂದು ಕಣ್ಣು ಮಾತ್ರ ಮೇಲೆತ್ತಿದ್ದಳು.

ಟೆಂಪಿ ಎರಡೂ ತೋಳು ಬಿಗಿದಳು. ಬೂಟು ಹೊಸ್ತಿಲಿಗೆ ಬಂತು. ಅವಳು ಬಿಡಲಿಲ್ಲ.