ಗಂಟು ನೋಡಿಕೊಂಡು ಬಾ

“ಮೊದ್ಲು ನಗಿಸ್ಬೇಕು, ಆಮೇಲೆ ಅಳಿಸ್ಬೇಕು. ಭಾಷಣ ಅಂದ್ರೆ ಅಷ್ಟೇ,” ಎಂದ ಪ್ರಿನ್ಸಿಪಾಲ, ಸತ್ತವನ ಕನ್ನಡಿಯ ಮುಂದೆ ಸತ್ತವನ ಬಾಚಣಿಗೆಯಲ್ಲೇ ತಲೆ ಬಾಚಿಕೊಳ್ಳುತ್ತ.

ನಿವೃತ್ತನಾಗಿ ವರ್ಷಗಳೇ ಕಳೆದಿದ್ದರೂ ಮನೆಯವರೆಲ್ಲ ಅವನನ್ನು ಪ್ರಿನ್ಸಿಪಾಲ ಎಂದೇ ಕರೆಯಬೇಕಿತ್ತು. ಬೇರೆ ಹೆಸರು ಹಿಡಿದರೆ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ, ಬೆಂಚಿನ ಮೇಲೆ ಬಿಳಿ ಬಟ್ಟೆ ಹೊದ್ದು ಮಲಗಿದ್ದವನು ಅವನ ಚಿಕ್ಕಪ್ಪನ ಮಗ. ವ್ಯಾನು ಬರುವ ಮೊದಲು ಹಿರಿಯರೊಬ್ಬರು ನಾಲ್ಕು ಮಾತಾಡಲಿ ಎಂದು ಸತ್ತವನ ಮಗಳು ಕೇಳಿಕೊಂಡಿದ್ದಳು. ಕೇಳಿಕೊಳ್ಳುವ ಅಗತ್ಯವಿರಲಿಲ್ಲ. ಪ್ರಿನ್ಸಿಪಾಲ ಗಂಟಲು ಸರಿಮಾಡಿಕೊಂಡೇ ಬಂದಿದ್ದ.

“ಏನು ಹೇಳ್ತೀಯ?” ಎಂದಳು ದಂತವೈದ್ಯೆ. ಅವಳು ಇನ್ನೊಬ್ಬ ಚಿಕ್ಕಪ್ಪನ ಮಗಳು. ಪ್ರಿನ್ಸಿಪಾಲನ ಬಾಯಲ್ಲಿದ್ದ ಹಲ್ಲಿನ ಸೆಟ್ಟು ಕಟ್ಟಿಕೊಟ್ಟವಳು ಅವಳೇ. ಆ ಬಾಯಿಂದ ಹೊರಬೀಳುವ ಮಾತಿಗೆ ತಾನೂ ಒಂದಿಷ್ಟು ಹೊಣೆ ಎಂದು ಅವಳಿಗೆ ಆಗಾಗ ಅನ್ನಿಸುತ್ತಿತ್ತು.

“ಗಂಟಿನ ಕತೆ. ಅವನ ಬಗ್ಗೆ ಹೇಳೋಕೆ ಇನ್ನೇನಿದೆ? ಜೀವನಪೂರ್ತಿ ಟಿಕೆಟ್ ಹರಿದ.”

ಕಿಟಕಿಯ ಬಳಿ ಕೂತು ಬಿಸ್ಕತ್ತು ತಿನ್ನುತ್ತಿದ್ದ ದುಂಡ ಕಿಸಕ್ಕನೆ ನಕ್ಕ. ಅವನು ಪ್ರಿನ್ಸಿಪಾಲನ ಒಡಹುಟ್ಟಿದ ತಮ್ಮ, ಕನ್ನಡಕದ ಅಂಗಡಿಯವನು. “ಬಿದ್ದೂ ಬಿದ್ದೂ ನಗ್ತಾರೆ,” ಎಂದ.

“ಅವನ ಮಗಳು ಅಲ್ಲೇ ಇರ್ತಾಳೆ.”

“ಅವಳೂ ನಗ್ಲಿ ಬಿಡು. ಪಾಪ, ಬೆಳಗ್ಗೆಯಿಂದ ಅತ್ತೂ ಅತ್ತೂ ಸಾಕಾಗಿದ್ದಾಳೆ,” ಎಂದ ಪ್ರಿನ್ಸಿಪಾಲ.

ಹೊರಗೆ ಅಂಗಳದಲ್ಲಿ, ಬಂದವರಿಗೆ ನೆರಳಾಗಲಿ ಎಂದು ಹಗ್ಗ ಬಿಗಿದು ನೀಲಿ ಟಾರ್ಪಾಲು ಕಟ್ಟಿದ್ದರು. ಅದರ ಒಂದು ಅಂಚು ಕಿಟಕಿಗೆ ಅಡ್ಡವಾಗಿ ಇಳಿಬಿದ್ದಿತ್ತು.

* * *

ಬೇಸಿಗೆ ರಜೆ ಬಂತೆಂದರೆ ಪ್ರಿನ್ಸಿಪಾಲನ ಅಪ್ಪ ಮಕ್ಕಳನ್ನೆಲ್ಲ ಕೆರೆಯ ದಂಡೆಗೆ ಕರೆದೊಯ್ದು ಟೆಂಟು ಹಾಕಿಸುತ್ತಿದ್ದರು. ದೊಡ್ಡವರಿಗೊಂದು, ಮಕ್ಕಳಿಗೊಂದು. ಮಕ್ಕಳ ಟೆಂಟಿನಲ್ಲಿ ನಾಲ್ವರು: ಪ್ರಿನ್ಸಿಪಾಲ, ದುಂಡ, ದಂತವೈದ್ಯೆ, ಮತ್ತೆ ಮುಂದೊಂದು ದಿನ ಈ ಬೆಂಚಿನ ಮೇಲೆ ಮಲಗಲಿದ್ದ ಹುಡುಗ. ಸಂಜೆ ಬಿಸ್ಕತ್ತಿನ ಡಬ್ಬಿ ಹೊರಬರುವ ಹೊತ್ತಿಗೆ, ಆಗಿನ್ನೂ ಮೀಸೆ ಮೂಡದ ಪ್ರಿನ್ಸಿಪಾಲ ಗಂಭೀರವಾಗಿ ಹೇಳುತ್ತಿದ್ದ:

“ಗಾಳಿ ಎದ್ದಿದೆ ಕಣೋ. ಹೋಗಿ ಗಂಟು ನೋಡ್ಕೊಂಡು ಬಾ. ನಾನು ಕೂಗೋತನಕ ಹಗ್ಗ ಬಿಡ್ಬೇಡ.”

ಗಾಳಿ ಎದ್ದಿರುತ್ತಿರಲಿಲ್ಲ. ಹುಡುಗ ಹೋಗುತ್ತಿದ್ದ. ಒಳಗೆ ಮೂವರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ಡಬ್ಬಿ ಬರಿದು ಮಾಡುತ್ತಿದ್ದರು. ಇಳಿಬಿಸಿಲಿಗೆ ಅವನ ನೆರಳು ಟೆಂಟಿನ ಬಟ್ಟೆಯ ಮೇಲೆ ಬಿದ್ದಿರುತ್ತಿತ್ತು: ಕೈಯಲ್ಲಿ ಹಗ್ಗ, ಮುಖ ಬಾಗಿಲಿನ ಕಡೆಗೆ. ಕೂಗಿದ ಮೇಲೆ ಒಳಗೆ ಬಂದು, “ಎಲ್ಲಾ ಗಟ್ಟಿಯಾಗಿದೆ,” ಎಂದು ವರದಿ ಒಪ್ಪಿಸುತ್ತಿದ್ದ. ಹಾಗಾಗಿ ಅವನು ಗಂಟಣ್ಣನಾದ.

ಮಕ್ಕಳು ದೊಡ್ಡವರಾದರು, ಮಾತು ಹಾಗೇ ಉಳಿಯಿತು. ಮದುವೆಮನೆಯಲ್ಲಿ ಫೋಟೋಗೆ ಜಾಗ ಸಾಲದಾದಾಗ, ಮನೆಯ ಮುಖ್ಯ ಮಾತುಕತೆ ಶುರುವಾದಾಗ, ಯಾರಾದರೊಬ್ಬರು “ಗಂಟು ನೋಡ್ಕೊಂಡು ಬಾ” ಎಂದರೆ ಸಾಕು, ಗಂಟಣ್ಣ ಎದ್ದು ಹೋಗುತ್ತಿದ್ದ. ಸಿನಿಮಾ ಮಂದಿರದ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ ಸಿಕ್ಕಾಗ ದುಂಡ, “ಅಲ್ಲೂ ಹೊರಗೇನಾ!” ಎಂದಿದ್ದ. ಆ ಪರದೆಯ ಮೇಲೆ ಬಂದ ಸಿನಿಮಾಗಳಲ್ಲಿ ಗಂಟಣ್ಣನಿಗೆ ಗೊತ್ತಿದ್ದದ್ದು ಕೊನೆ ಮಾತ್ರ. ಜನರನ್ನು ಹೊರಬಿಡಲು ಬಾಗಿಲು ತೆಗೆದಾಗ ಕಾಣುತ್ತಿದ್ದುದು ಅಷ್ಟೇ.

* * *

ಅಡುಗೆಮನೆಯಲ್ಲಿ ಗಂಟಣ್ಣನ ಮಗಳು ಲೋಟ ತೊಳೆಯುತ್ತಿದ್ದಳು, ದಂತವೈದ್ಯೆ ಒರೆಸಿಡುತ್ತಿದ್ದಳು.

“ಅತ್ತೆ, ದೊಡ್ಡಪ್ಪ ಟೆಂಟಿನ ವಿಷ್ಯ ಹೇಳ್ತಾರಂತೆ ಹೌದಾ?”

“ಯಾರು ಹೇಳಿದ್ದು?”

“ದುಂಡ ಚಿಕ್ಕಪ್ಪ. ಹೇಳ್ಲಿ ಅತ್ತೆ. ಅಪ್ಪನಿಗೆ ಅದಕ್ಕಿಂತ ದೊಡ್ಡ ವಿಷ್ಯ ಇನ್ನೊಂದಿರ್ಲಿಲ್ಲ. ಅಷ್ಟು ಮಕ್ಕಳಲ್ಲಿ ನನ್ನೊಬ್ಬನನ್ನೇ ನಂಬಿ ಕಳಿಸ್ತಿದ್ರು ಅಂತಿದ್ರು.” ಅವಳು ನಲ್ಲಿ ನಿಲ್ಲಿಸಿದಳು. “ಮನೇಲೂ ಹಾಗೇ. ಮಲಗೋ ಮುಂಚೆ ಗ್ಯಾಸು, ಚಿಲಕ, ಕಿಟಕಿ ಎಲ್ಲಾ ಮುಟ್ಟಿ ನೋಡಿ, ‘ಎಲ್ಲಾ ಗಟ್ಟಿಯಾಗಿದೆ’ ಅನ್ನೋರು. ಅದು ಕಿವಿಗೆ ಬಿದ್ರೇನೇ ನಂಗೆ ನಿದ್ದೆ.”

ದಂತವೈದ್ಯೆ ಒರೆಸಿದ ಲೋಟವನ್ನೇ ಮತ್ತೆ ಒರೆಸಿದಳು.

“ಬಿಸ್ಕತ್ತು ಮಾತ್ರ ಮುಟ್ತಿರ್ಲಿಲ್ಲ,” ಎಂದಳು ಮಗಳು. “ಯಾಕಪ್ಪಾ ಅಂದ್ರೆ ಸುಮ್ನೆ ನಗೋರು.”

ದಂತವೈದ್ಯೆ ಲೋಟ ಕೆಳಗಿಟ್ಟು ನೇರ ಪ್ರಿನ್ಸಿಪಾಲನ ಬಳಿ ಹೋದಳು. “ಆ ಕತೆ ಬೇಡ. ಅದನ್ನ ಅವಳು ಬೇರೆ ಥರ ಕೇಳಿ ಬೆಳೆದಿದ್ದಾಳೆ.”

“ಬಿಸ್ಕತ್ತು ನೀನೂ ತಿಂದಿದ್ದೀಯ. ಈಗ ದೊಡ್ಡ ಸಾಚಾ ಥರ ಆಡ್ಬೇಡ.”

“ತಿಂದಿದ್ದೀನಿ. ಅದಕ್ಕೇ ಹೇಳ್ತಿರೋದು.”

“ಮತ್ತೇನು, ಅವನ ಸಾಧನೆ ಹೇಳ್ಲಾ?” ಎಂದು ಪ್ರಿನ್ಸಿಪಾಲ ಅಂಗಿಯ ತೋಳು ಎಳೆದುಕೊಂಡ. ಸಾವಿನ ಮನೆಗೆ ಬರುವಾಗಲೂ ಅವನು ಸೆಂಟು ಹಾಕಿದ್ದ.

* * *

ಇಳಿಹೊತ್ತಿನಲ್ಲಿ ಎಲ್ಲರೂ ಮುಂದಿನ ಕೋಣೆಗೆ ಬಂದು ಕೂತರು. ಪ್ರಿನ್ಸಿಪಾಲ ಬೆಂಚಿನ ತಲೆಯ ಕಡೆ ನಿಂತ, ಸತ್ತವನಿಗೆ ಬೆನ್ನು ಹಾಕಿ.

“ಬಂಧುಗಳೇ, ಇವನನ್ನ ಗಂಟಣ್ಣ ಅಂತ ಯಾಕೆ ಕರೀತಿದ್ವಿ ಗೊತ್ತಾ? ಆ ಹೆಸರು ಇಟ್ಟಿದ್ದು ನಾನೇ.”

ಬಿಸ್ಕತ್ತಿನ ತಟ್ಟೆ ಹಿಡಿದೇ ಬಂದಿದ್ದ ದುಂಡ ಮುಂಗಡವಾಗಿಯೇ ನಕ್ಕ. ಮಗಳು ತಲೆ ಎತ್ತಿದಳು. ಅವಳ ಮುಖ ಬೆಳಗಿನಿಂದ ಮೊದಲ ಸಲ ಸ್ವಲ್ಪ ಅರಳಿತ್ತು.

“ಒಂದಿನ ಸಂಜೆ, ಟೆಂಟಲ್ಲಿ ಬಿಸ್ಕತ್ತಿನ ಡಬ್ಬಿ ತೆಗೀತಿದ್ವಿ...”

“ಅಣ್ಣಾ.” ದಂತವೈದ್ಯೆ ಕುರ್ಚಿ ಸರಿಸಿ ಎದ್ದ ಸದ್ದಿಗೆ ಎಲ್ಲರೂ ತಿರುಗಿದರು. “ಗಾಳಿ ಎದ್ದಿದೆ. ಹೋಗಿ ಗಂಟು ನೋಡ್ಕೊಂಡು ಬಾ.”

ದುಂಡ ಅಗಿಯುವುದನ್ನು ನಿಲ್ಲಿಸಿದ. ಪ್ರಿನ್ಸಿಪಾಲನ ಕಿವಿಗಳು ಕೆಂಪಾದವು.

“ಏ, ನಾನು ಮಾತಾಡ್ತಿದ್ದೀನಿ...”

“ಹೌದು ದೊಡ್ಡಪ್ಪ,” ಎಂದಳು ಮಗಳು, ಕಣ್ಣೊರೆಸಿಕೊಳ್ಳುತ್ತ. “ನೀವೇ ನೋಡ್ಕೊಂಡು ಬನ್ನಿ. ಅಪ್ಪನ ಕೆಲ್ಸ ಇವತ್ತು ನೀವು ಮಾಡೋದು ಎಷ್ಟು ಚೆನ್ನಾಗಿದೆ.”

“ಹೋಗಪ್ಪಾ, ಹೋಗು,” ಎಂದಳು ಹಿಂದೆ ಕೂತಿದ್ದ ಮುದುಕಿಯೊಬ್ಬಳು ಮೂಗೊರೆಸುತ್ತ. ಜನ ಕಾಲು ಮಡಚಿ ದಾರಿ ಬಿಟ್ಟರು. ಇಷ್ಟು ಗೌರವದಿಂದ ದಾರಿ ಬಿಟ್ಟ ಮೇಲೆ ನಡೆಯದೆ ಗತ್ಯಂತರವಿರಲಿಲ್ಲ.

“ನಾನು ಕೂಗೋತನಕ ಹಗ್ಗ ಬಿಡ್ಬೇಡ,” ಎಂದಳು ದಂತವೈದ್ಯೆ, ಅವನು ಹೊಸಿಲು ದಾಟುವಾಗ. ಆಮೇಲೆ ದುಂಡನ ಕೈಯಿಂದ ಬಿಸ್ಕತ್ತಿನ ತಟ್ಟೆ ಕಿತ್ತುಕೊಂಡು ಮಗಳ ಕಡೆ ತಿರುಗಿದಳು. “ನೀನು ಹೇಳಮ್ಮ.”

ಮಗಳು ಗ್ಯಾಸಿನಿಂದ ಶುರುಮಾಡಿದಳು. ಆಮೇಲೆ ಚಿಲಕ, ಕಿಟಕಿ.

ಹೊರಗೆ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಕಿಟಕಿಗೆ ಇಳಿಬಿದ್ದಿದ್ದ ನೀಲಿ ಟಾರ್ಪಾಲಿನ ಮೇಲೆ ನೆರಳೊಂದು ನಿಂತಿತ್ತು: ಕೈಯಲ್ಲಿ ಹಗ್ಗ, ಮುಖ ಬಾಗಿಲಿನ ಕಡೆಗೆ.